ಮಾ ತಿನ್ ಯೀಯ ಹೊಟ್ಟೆಕಿಚ್ಚು

ಥಾಯ್ಲೆಂಡ್ ಗಡಿಯ ಮೇಸೋಟ್ ಊರಿನ ಕಾರ್ಮಿಕರ ಸಂಘದಲ್ಲಿ ಬೆಕ್ಕಿಗೆ ಫೆಲೋಶಿಪ್ ಬಂದರೂ ಮಾ ತಿನ್ ಯೀಗೆ ಹೊಟ್ಟೆ ಉರಿದೀತು. ತನ್ನಂತೆ ಬರ್ಮಾದಿಂದ ಬಂದ ಗಾರ್ಮೆಂಟ್ಸ್ ಹೆಂಗಸರನ್ನು ಸೇರಿಸಿ ಸಂಘ ಕಟ್ಟಿದವಳೇ ಅವಳು. ಫೆಲೋಶಿಪ್ ಸಿಕ್ಕಿ ತರಬೇತಿಗೆಂದು ಮನಿಲಾಗೋ ಜಕಾರ್ತಾಗೋ ಹಾರುವವರು ಮಾತ್ರ ನಿನ್ನೆ ಮೊನ್ನೆ ಸೇರಿದ ಹುಡುಗಿಯರು. "ಹೋಗಮ್ಮ, ಏಸಿ ರೂಮಲ್ಲಿ ಕೂತ್ಕೊಂಡು ನಮ್ಮ ಬೆವರಿನ ಬಗ್ಗೆ ಭಾಷಣ ಮಾಡು" ಎಂದು ಚುಚ್ಚುತ್ತಲೇ ಅವರ ಬಟ್ಟೆಗೆ ಇಸ್ತ್ರಿ ಹಾಕುತ್ತಾಳೆ, ದಾರಿಗೆ ಬುತ್ತಿ ಕಟ್ಟುತ್ತಾಳೆ. ಹಿಂದಿರುಗಿದವರು ಫೋಟೋ ತೋರಿಸಲು ಬಂದರೆ, "ಮೈ ತುಂಬ್ಕೊಂಡಿದೀಯ, ಹೋರಾಟ ಜೋರಾಗೇ ನಡೆದಿರ್ಬೇಕು" ಎಂದು ಮುಖ ತಿರುಗಿಸುತ್ತಾಳೆ. ಈ ಸಲ ಹೊರಟ ಸೂ ಮ್ಯಾ ತಡೆಯಲಾರದೆ ಕೇಳಿಯೇಬಿಟ್ಟಳು: "ಇಷ್ಟು ಉರ್ಕೊಳ್ಳೋ ಬದ್ಲು ನೀವೇ ಅರ್ಜಿ ಹಾಕ್ಬಾರ್ದಾ ಅಕ್ಕಾ?" ಇಸ್ತ್ರಿ ಮಾಡುತ್ತಿದ್ದ ಕೈ ನಿಂತಿತು. "ಪಾಸ್‌ಪೋರ್ಟ್ ಕೇಳ್ತಾರೆ ಕಣೇ. ನಾನು ಗಡಿ ದಾಟಿದ್ದು ಕುತ್ತಿಗೆವರೆಗೂ ನದಿ ನೀರಲ್ಲಿ, ಮಗೂನ ತಲೆ ಮೇಲೆ ಹೊತ್ಕೊಂಡು. ಅದಕ್ಕೆ ಯಾವ ದೇಶ ಸೀಲು ಹಾಕತ್ತೆ ಹೇಳು?" ತಿನ್ ಯೀ ರವಿಕೆಯನ್ನು ನೀಟಾಗಿ ಮಡಚಿ ಅವಳ ಕೈಗಿಟ್ಟಳು. "ವಿಮಾನದಲ್ಲಿ ಕಿಟಕಿ ಪಕ್ಕಾನೇ ಕೂತ್ಕೋ" ಎಂದಳು, "ನದಿ ಆಚೆ ನಮ್ಮೂರು ಕಾಣತ್ತಾ ನೋಡ್ಕೊಂಡು ಬಾ."