ನನ್ನ ಹೆಸರಿಲ್ಲದ ಪಟ್ಟಿ

“ನನ್ನೇನವ್ವ ಕೇಳ್ತೀಯೆ? ಕೆಮ್ಮೋಳು ನೀನು ಕಣವ್ವ. ಒಂದು ತಿಂಗ್ಳಿಂದ ನೋಡ್ತಾವ್ನಿ.”

ದೇವಲಾಪುರದ ಕಡೆಯ ನಿಂಗಮ್ಮಜ್ಜಿ ಹೀಗೆಂದಾಗ ಬರೆಯುತ್ತಿದ್ದ ನನ್ನ ಕೈ ನಿಂತುಬಿಟ್ಟಿತು. ನಾನು ನಾಗಮಂಗಲದ ವೃದ್ಧಾಶ್ರಮವೊಂದರಲ್ಲಿ ಹಿರಿಯರನ್ನು ನೋಡಿಕೊಳ್ಳುವವಳು. ಕ್ಷಯ ತಪಾಸಣೆಗೆಂದು ಒಂದು ದಿನದ ತರಬೇತಿ ಮುಗಿಸಿ ಬಂದು, ಮಂಚದಿಂದ ಮಂಚಕ್ಕೆ ಹೋಗಿ ವಿಚಾರಿಸುತ್ತಿದ್ದೆ: ಎರಡು ವಾರದಿಂದ ಕೆಮ್ಮಿದೆಯೇ, ಸಂಜೆ ಜ್ವರ ಬರುತ್ತದೆಯೇ, ತೂಕ ಇಳಿದಿದೆಯೇ? ಪಟ್ಟಿಯಲ್ಲಿ ಹಿರಿಯರೆಲ್ಲರ ಹೆಸರಿತ್ತು. ಅವರಿಗೆ ಉಣಿಸುವ ನಮ್ಮ ಹೆಸರಿರಲಿಲ್ಲ. ನನ್ನ ಕೆಮ್ಮನ್ನು ನಾನು ಒಗ್ಗರಣೆ ಘಾಟು ಎಂದುಕೊಂಡೇ ದಿನ ದೂಡಿದ್ದೆ.

ಅಂದೇ ತಾಲ್ಲೂಕು ಆಸ್ಪತ್ರೆಯಲ್ಲಿ ಕಫ ಕೊಟ್ಟು, ರಜೆ ಹಾಕಿ ಮನೆಯಲ್ಲಿ ಕುಳಿತೆ. ಕಣ್ಣು ಮುಚ್ಚಿದರೆ ಒಂದೇ ಚಿತ್ರ: ಹಲ್ಲಿಲ್ಲದ ಬಾಯಿಗಳೆದುರು ಮುಖವಿಟ್ಟು, ಒಂದೊಂದೇ ಚಮಚ ಗಂಜಿಯನ್ನು ಊದಿ ಊದಿ ಆರಿಸುತ್ತಿರುವ ನಾನು. ಯಾರಿಗೆ ಊದಿರಲಿಲ್ಲ ಎಂದು ನೆನಪಿಸಿಕೊಳ್ಳಲು ನೋಡಿದೆ. ಒಬ್ಬರೂ ಸಿಗಲಿಲ್ಲ.

ಮೂರನೇ ದಿನ ವರದಿ ಬಂತು. ಕ್ಷಯವೇ. ಮಾತ್ರೆ ಶುರುವಾಯಿತು. ಆಶ್ರಮದಲ್ಲಿ ಎಲ್ಲರಿಗೂ ಪರೀಕ್ಷೆ ನಡೆಯಿತು. ಈ ಸಲದ ಪಟ್ಟಿಯಲ್ಲಿ ಸಿಬ್ಬಂದಿಯ ಹೆಸರೇ ಮೊದಲು. ಉಳಿದವರಲ್ಲಿ ಯಾರಿಗೂ ಏನೂ ಇಲ್ಲವಂತೆ. ನಿಂಗಮ್ಮಜ್ಜಿಯ ವರದಿಯೊಂದು ಮಾತ್ರ ಇನ್ನೂ ಬರಬೇಕಿದೆ.

ನಿನ್ನೆ ಆಶ್ರಮದ ಫೋನಿನಿಂದ ಅಜ್ಜಿ ಮಾತನಾಡಿದರು. “ಬಿರ್ರನೆ ವಾಸಿ ಮಾಡ್ಕೊಂಡು ಬಾರವ್ವ. ಇಲ್ಲಿ ಯಾರೂ ಗಂಜಿ ಊದಿ ಕೊಡಾಕಿಲ್ಲ, ಬಾಯಿ ಸುಡ್ತದೆ” ಎಂದರು. ಮಾತಿನ ನಡುವೆ ಅವರೊಮ್ಮೆ ಕೆಮ್ಮಿದರು. ನಾನು ಫೋನನ್ನು ಕಿವಿಗೊತ್ತಿಕೊಂಡು, ಇನ್ನೊಮ್ಮೆ ಕೆಮ್ಮುತ್ತಾರೇನೋ ಎಂದು ಉಸಿರು ಬಿಗಿಹಿಡಿದು ಕಾದೆ.