ಶಿವಲೀಲಾಳ ಹನ್ನೆರಡು ಡಿಗ್ರಿ

ಕೊರೊನಾ ಕಳೆದ ಎರಡನೆಯ ಬೇಸಿಗೆ. ಆದೋನಿಯಲ್ಲಿ ಫಿಸಿಯೋಥೆರಪಿಸ್ಟ್ ಆಗಿ ನಾನು ಆಗಲೇ ಇಪ್ಪತ್ತಾರು ವರ್ಷ ಕಳೆದಿದ್ದೆ. ಎಷ್ಟೋ ಮಂಡಿಗಳನ್ನು ನೆಟ್ಟಗೆ ಮಾಡಿದವಳು ಎಂಬ ಜಂಬ ನನಗೆ ಚೆನ್ನಾಗಿಯೇ ಇತ್ತು. ಅದನ್ನು ಇಳಿಸಿದ್ದು ಕೋಸಗಿಯ ಒಂದು ಮಂಡಿ.

ಮಂಡಿಯ ಒಡತಿ ಶಿವಲೀಲಾ, ಇಪ್ಪತ್ನಾಲ್ಕರ ಹುಡುಗಿ. ಊರಿನ ಖಾಸಗಿ ಶಾಲೆಯೊಂದರಲ್ಲಿ ಆಟದ ಟೀಚರು, ಜೊತೆಗೆ ಒಳ್ಳೆಯ ಖೋ ಖೋ ಆಟಗಾರ್ತಿ. ಪಂದ್ಯವೊಂದರಲ್ಲಿ ಕಂಬ ಸುತ್ತಿ ತಿರುಗುವಾಗ ಎಡಮಂಡಿಯ ಎಸಿಎಲ್ ಹರಿದಿತ್ತು. ಎಸಿಎಲ್ ಎಂದರೆ ಮಂಡಿಯೊಳಗಿನ ಗಟ್ಟಿ ನಾರು. ಓಡುವಾಗ, ತಿರುಗುವಾಗ ಮಂಡಿ ಜಾರದಂತೆ ಹಿಡಿಯುವುದು ಅದೇ. ಮಾರ್ಚ್ ಕೊನೆಯಲ್ಲಿ ಶಸ್ತ್ರಚಿಕಿತ್ಸೆಯಾಗಿ ಹೊಸ ನಾರು ಕೂಡಿಸಿದರು. ಜೂನ್ ನಡುವಿಗೆ ಶಾಲೆ ತೆರೆಯುವ ದಿನ ಕುಂಟದೆ ನಡೆದು ಬಂದರೆ ಕೆಲಸ ಇರುತ್ತದೆ, ಇಲ್ಲವಾದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದು ಶಾಲೆಯವರು ಮುಲಾಜಿಲ್ಲದೆ ಹೇಳಿಬಿಟ್ಟಿದ್ದರು.

ವಾರಕ್ಕೆ ಮೂರು ದಿನ ಅವಳು ಪ್ಯಾಸೆಂಜರ್ ರೈಲಿನಲ್ಲಿ ತಾಯಿ ಈರಮ್ಮನ ಜೊತೆ ಬರುತ್ತಿದ್ದಳು. ಈರಮ್ಮ ಹತ್ತಿಯ ಕಾಲದಲ್ಲಿ ಆದೋನಿಯಲ್ಲಿ ಬೀಜ ಬಿಡಿಸಿ ಅರಳೆ ಮಾಡುವ ಜಿನ್ನಿಂಗ್ ಮಿಲ್ಲಿನಲ್ಲಿ ಕಸ ಆರಿಸುವ ಹೆಂಗಸು. ಮನೆಯವರು ಒಳಗೆ ಬರಕೂಡದು ಎಂಬುದು ನನ್ನ ನಿಯಮ. ಬಂದರೆ ರೋಗಿಗಿಂತ ಮೊದಲು ಅವರೇ "ಅಯ್ಯೋ" ಎನ್ನುತ್ತಾರೆ. ಹಾಗಾಗಿ ಈರಮ್ಮ ಬಟ್ಟೆಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಹೊರಗಿನ ಬೆಂಚಿನಲ್ಲಿ ಕೂತಿರುತ್ತಿದ್ದಳು.

ಇಂಥ ಶಸ್ತ್ರಚಿಕಿತ್ಸೆಯ ಬಳಿಕ ಮಂಡಿ ಮಡಚುವುದಕ್ಕಿಂತ ಮೊದಲು ಪೂರ್ತಿ ನೆಟ್ಟಗಾಗಬೇಕು. ಅದನ್ನು ಗೋನಿಯೋಮೀಟರ್ ಎಂಬ ಪಟ್ಟಿಯಿಂದ ಅಳೆಯುತ್ತೇವೆ. ಸೊನ್ನೆ ಬಂದರೆ ಕಾಲು ನೆಟ್ಟಗಿದೆ ಎಂದರ್ಥ. ಶಿವಲೀಲಾಳದು ಹನ್ನೆರಡು ಡಿಗ್ರಿ ಬಾಗಿಯೇ ಇತ್ತು. ನಾನು ಒತ್ತಿ, ವ್ಯಾಯಾಮ ಮಾಡಿಸಿ ಐದಕ್ಕೆ ಇಳಿಸಿ ಕಳಿಸುತ್ತಿದ್ದೆ. ಮುಂದಿನ ಸಲ ಬಂದಾಗ ಮತ್ತೆ ಹನ್ನೆರಡು. ಹೊಳೆಯಲ್ಲಿ ಹುಣಸೆಹಣ್ಣು ಕಿವಿಚಿದ ಹಾಗೆ.

ಏಳನೆಯ ವಾರ ಸರ್ಜನ್ ನೋಡಿ, "ಇನ್ನು ಮೂರು ವಾರ. ಆಗಲೂ ನೆಟ್ಟಗಾಗದಿದ್ದರೆ ಮತ್ತೆ ಮಂಡಿಯೊಳಗೆ ಹೋಗಿ ಬಿಗಿದದ್ದನ್ನು ಬಿಡಿಸಬೇಕಾಗುತ್ತದೆ" ಎಂದರು. ಮತ್ತೊಂದು ಶಸ್ತ್ರಚಿಕಿತ್ಸೆ ಎಂದರೆ ಶಾಲೆಯ ಕೆಲಸ ಹೋದಂತೆಯೇ. ಆಟದ ಮಾತು ಆಮೇಲೆ. ನನಗೆ ಒಳಗೊಳಗೇ ಭಯ. ಭಯವಾದಾಗ ಸಿಟ್ಟು ಮಾಡುವುದು ನನ್ನ ಹಳೆಯ ಚಾಳಿ.

ಮರುದಿನ ಪಟ್ಟಿ ಮತ್ತೆ ಹನ್ನೆರಡು ತೋರಿಸಿತು. ನಾಲ್ಕು ರೋಗಿಗಳ ಎದುರಿಗೇ ಕೂಗಾಡಿದೆ: "ಮನ್ಯಾಗ ಏನೂ ಮಾಡವಲ್ಲಿ ನೀನು. ಮೈಗಳ್ಳತನಕ್ಕ ನನ್ನ ಹತ್ರ ಮದ್ದಿಲ್ಲ."

"ಮಾಡೀನ್ರಿ ಮೇಡಂ. ಒಂದೂ ಬಿಡ್ದಂಗ ಮಾಡೀನ್ರಿ," ಎಂದಳು. ಕಣ್ಣಲ್ಲಿ ನೀರು ತುಂಬಿತ್ತು. ನಾನು ನಂಬಲಿಲ್ಲ.

ಅವಳು ಕುಂಟುತ್ತ ಹೊರಗೆ ಹೋದಳು. ಆ ದಿನ ವಾಪಸ್ ರೈಲು ಎರಡು ಗಂಟೆ ತಡ. ನೀರು ಕುಡಿಯಲು ನಾನು ಹೊರಬಂದಾಗ ಶಿವಲೀಲಾ ಬೆಂಚಿನ ಮೇಲೆ ಮಲಗಿದ್ದಳು. ಈರಮ್ಮ ಚೀಲದಿಂದ ಪುಟ್ಟದೊಂದು ದಿಂಬು ತೆಗೆದಳು. ಮಗಳ ಕಾಲನ್ನು ಮೆಲ್ಲಗೆ ಎತ್ತಿ ಸರಿಯಾಗಿ ಮಂಡಿಯ ಕೆಳಗೆ ಇಟ್ಟಳು.

ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಆಪರೇಷನ್ ಆದ ಮಂಡಿ ಗಂಟೆಗಟ್ಟಲೆ ಬಾಗಿದ್ದರೆ ಹಿಂದಿನ ನರ-ನಾರೆಲ್ಲ ಹಾಗೇ ಬಿಗಿದುಕೊಳ್ಳುತ್ತವೆ. ಮಂಡಿ ಕೆಳಗೆ ದಿಂಬು ಇಡಬಾರದು ಎಂಬುದು ಈ ವೃತ್ತಿಯ ಮೊದಲ ಪಾಠ.

"ಇದು ಯಾವಾಗಿಂದ, ಈರಮ್ಮ?"

"ಆಪ್ರೇಷನ್ ಆದಾಗಿಂದ್ರಿ. ಕಾಲು ಚಾಚಿದ್ರ ಆಕಿಗಿ ಭಾಳ ನೋಯ್ತೈತ್ರಿ. ಹೊಸಾ ಅರಳಿ ತಂದು ನಾನ ಹೊಲ್ದೀನ್ರಿ. ಜಾರಬಾರ್ದಂತ ರಾತ್ರೆಲ್ಲ ಎದ್ದೆದ್ದು ನೋಡ್ತೀನ್ರಿ."

ನಮ್ಮದು ಹತ್ತಿಯ ಊರು. ಹಾಸಿಗೆ ಹಿಡಿದವರಿಗೆ ಹೊಸ ಅರಳೆಯ ದಿಂಬು ಹೊಲಿದುಕೊಡುವುದು ನಮ್ಮ ಮನೆಗಳಲ್ಲಿ ವಾಡಿಕೆ. ನನ್ನ ಬಾಣಂತನದಲ್ಲಿ ನನ್ನಮ್ಮನೂ ಹೊಲಿದಿದ್ದಳು. ಇಷ್ಟು ಗೊತ್ತಿದ್ದೂ ನಾನು ಕೇಳಿರಲಿಲ್ಲ. ಮನೆಯಲ್ಲಿ ಮಾಡಬೇಕಾದ್ದನ್ನು ಬರೆದು ನಾನು ಕೊಟ್ಟ ಹಾಳೆಗಳಲ್ಲಿ ಎಚ್ಚರಿಕೆ ಇತ್ತು ನಿಜ, ಎರಡನೆಯ ಪುಟದ ಕೊನೆಯಲ್ಲಿ, ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ. ಶಿವಲೀಲಾ ವ್ಯಾಯಾಮದ ಚಿತ್ರಗಳಿದ್ದ ಮೊದಲ ಪುಟವನ್ನಷ್ಟೇ ನೋಡಿದ್ದಳು. ಕೂಸನ್ನು ಕಂಕುಳಲ್ಲಿಟ್ಟುಕೊಂಡು ಊರೆಲ್ಲ ಹುಡುಕಿದವಳು ನಾನು. ಕೂಸಿನ ತಾಯಿಯನ್ನು ಬಾಗಿಲಾಚೆ ಕೂರಿಸಿದವಳೂ ನಾನೇ.

ವಿಷಯ ತಿಳಿಸಿದಾಗ ಈರಮ್ಮನ ಮುಖ ಬಿಳಿಚಿತು. "ನನ್ ಮಗಳ ಕಾಲು ನಾನ ಕೆಡಿಸಿದ್ನೇನ್ರಿ?"

"ನಿಂದೇನೂ ತಪ್ಪಿಲ್ಲ. ದಿಂಬು ಚಲೋ ಐತಿ, ಇಟ್ಟಿದ್ದ ಜಾಗ ಅಷ್ಟ ತಪ್ಪೈತಿ," ಎಂದು ಅದನ್ನು ಎಳೆದು ಹಿಮ್ಮಡಿಯ ಕೆಳಗೆ ಇಟ್ಟೆ. ಹಾಗೆ ಇಟ್ಟರೆ ಮಂಡಿ ತನ್ನ ಭಾರಕ್ಕೆ ತಾನೇ ಕೆಳಗಿಳಿದು ನೆಟ್ಟಗಾಗುತ್ತದೆ. ಶಿವಲೀಲಾ ನೋವಿಗೆ ಹಲ್ಲು ಕಚ್ಚಿದಳು. ಈರಮ್ಮ ಮುಖ ತಿರುಗಿಸಿದಳು, ಆದರೆ ದಿಂಬನ್ನು ಮುಟ್ಟಲಿಲ್ಲ.

ಆಮೇಲೆ ತಾಯಿ-ಮಗಳಿಬ್ಬರನ್ನೂ ಒಳಗೆ ಕರೆದೊಯ್ದು, ಅದೇ ನಾಲ್ಕು ಜನರ ಎದುರಿಗೆ, ತಪ್ಪು ನನ್ನದು ಎಂದೆ.

ಮೊದಲ ವಾರ ಒಂಬತ್ತಕ್ಕೆ ಬಂತು, ಎರಡನೆಯ ವಾರ ಆರಕ್ಕೆ. ಅಲ್ಲೇ ನಾಲ್ಕು ದಿನ ಮೊಂಡು ಹಿಡಿದು ನಿಂತಾಗ ನನಗೆ ಅನ್ನ ರುಚಿಸಲಿಲ್ಲ. ಗಡುವಿನ ದಿನ ಸರ್ಜನ್ ಮಂಡಿ ಒತ್ತಿ, ಎರಡೂ ಕಾಲು ಹೋಲಿಸಿ ನೋಡಿದರು. ಉಳಿದದ್ದು ಎರಡು ಡಿಗ್ರಿ. "ಇನ್ನೊಂದು ಆಪರೇಷನ್ ಬೇಡ," ಎಂದರು. ಶಾಲೆ ತೆರೆದ ದಿನ ಶಿವಲೀಲಾ ಕೊರಳಿಗೆ ಸೀಟಿ ಹಾಕಿಕೊಂಡು ಕುಂಟದೆ ಮೈದಾನಕ್ಕೆ ನಡೆದಳು. ಓಡಲು ಮಾತ್ರ ನಾನು ಇನ್ನೂ ಬಿಟ್ಟಿರಲಿಲ್ಲ.

ಅಂದಿನಿಂದ ನನ್ನ ಚಿಕಿತ್ಸೆಯ ಕೋಣೆಯಲ್ಲಿ ಮನೆಯವರಿಗೂ ಒಂದು ಕುರ್ಚಿ ಇದೆ. ರೋಗಿ ನನ್ನ ಬಳಿ ಇರುವುದು ಒಂದು ಗಂಟೆ; ಉಳಿದ ಇಪ್ಪತ್ಮೂರು ಗಂಟೆ ಹೇಗಿರುತ್ತಾರೆಂದು ಕೇಳದೆ ಬೈಯುವ ಹಕ್ಕು ನನಗಿಲ್ಲ. ಈ ಕೆಲಸ ನನಗೆ ಕಲಿಸಿದ್ದು ಅದನ್ನೇ.

ಮುಂದಿನ ಫೆಬ್ರವರಿಯಲ್ಲಿ ಶಿವಲೀಲಾ ಮತ್ತೆ ಖೋ ಖೋ ಸಾಲಿನಲ್ಲಿ ಕುಕ್ಕರುಗಾಲಲ್ಲಿ ಕೂತಳು. ಬೆನ್ನಿಗೆ "ಖೋ" ಬಿದ್ದದ್ದೇ ತಡ, ಎದ್ದು ಓಡಿದಳು. ಕಂಬದ ಬಳಿ ಎಡಗಾಲೂರಿ ತಿರುಗಿದಾಗ, ಆಟ ನೋಡಲು ನನ್ನ ಪಕ್ಕ ಕೂತಿದ್ದ ಈರಮ್ಮ ನನ್ನ ಮುಂಗೈಯನ್ನು ಉಗುರು ಊರುವಂತೆ ಹಿಡಿದಳು. ಮಂಡಿ ಜಾರಲಿಲ್ಲ.

ಕೈ ಬಿಟ್ಟು ಮೂಗು ಒರೆಸಿಕೊಂಡು ಕೇಳಿದಳು: "ಮೇಡಂ, ಇನ್ನ ಆ ದಿಂಬು ಎಲ್ಲಿಡ್ಲಿರಿ?"

"ನಿನ್ನ ತಲಿ ಕೆಳಗ ಇಟ್ಕೋ, ಈರಮ್ಮ," ಎಂದೆ. "ಇನ್ನರ ನೀನು ನಿದ್ದಿ ಮಾಡು."