ಒಂದು ಕಂಪನಿಯೋ ಎರಡೋ

ಮೊನ್ನೆ ಬರ್ಫಿ ಮಾಡೋಣವೆಂದು ಒಣ ತೆಂಗಿನಕಾಯಿಪುಡಿಯ ಪೊಟ್ಟಣ ಕತ್ತರಿಸಿದೆ. ನಮ್ಮದೇ ಫ್ಯಾಕ್ಟರಿಯ ಮಾಲು. ಹಾಗಿದ್ದರೂ ಅದನ್ನು ಮೂಗಿನ ಹತ್ತಿರ ಹಿಡಿದು ವರ್ಷಗಳೇ ಆಗಿದ್ದವು. ಅಂಗಡಿಯಿಂದ ತಂದ ಪೊಟ್ಟಣದಲ್ಲಿ ನಿಮಗೆ ಸಿಗುವುದು ಆ ವಾಸನೆಯ ನೆರಳು ಮಾತ್ರ. ಡ್ರೈಯರಿನಿಂದ ಪುಡಿ ಬಿಸಿಬಿಸಿಯಾಗಿ ಉದುರುವಾಗ ಬರುವ ವಾಸನೆ ಬೇರೆ. ಹಾಲು ಉಕ್ಕುವುದಕ್ಕೆ ಸ್ವಲ್ಪ ಮೊದಲು ಒಲೆಯ ಬಳಿ ನಿಂತಂತಿರುತ್ತದೆ. ಮೊನ್ನೆ ಯಾಕೋ ಆ ಪೊಟ್ಟಣದಿಂದ ಪೂರಾ ಅದೇ ವಾಸನೆ ಬಂತು. ಕತ್ತರಿ ಹಿಡಿದುಕೊಂಡೇ ನಿಂತುಬಿಟ್ಟೆ. ಎದುರಿಗೆ ಇನ್ನೊಂದು ಮೇಜಿದೆ, ಅದರ ಹಿಂದೆ ಸರೋಜಕ್ಕ ಕೂತಿದ್ದಾರೆ ಅನ್ನಿಸಿತು.

ಸರೋಜಕ್ಕ ನನ್ನ ವಾರಗಿತ್ತಿ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ. ನಾನು ಹಾಸನದಿಂದ ಈ ತಿಪಟೂರಿನ ಮನೆಗೆ ಸೊಸೆಯಾಗಿ ಬಂದಾಗ ಅತ್ತೆ ಮಾವ ಇಬ್ಬರೂ ತೀರಿಹೋಗಿದ್ದರು. ಮನೆಗೆ ಅಣ್ಣತಮ್ಮಂದಿರೇ ಹಿರಿಯರು. ಭಾವನವರು ಮಾರುಕಟ್ಟೆಯಲ್ಲಿ ಕೊಬ್ಬರಿ ಮಂಡಿ ನೋಡಿಕೊಳ್ಳುತ್ತಿದ್ದರು. ನನ್ನ ಯಜಮಾನರು ಹಾಲ್ಕುರಿಕೆ ರಸ್ತೆಯಲ್ಲಿ ಕಾಯಿಪುಡಿಯ ಫ್ಯಾಕ್ಟರಿ ಶುರು ಮಾಡಿದ್ದರು. ಅದು ಇವರದು, ಇದು ಅವರದು ಅನ್ನುವ ಮಾತೇ ಇರಲಿಲ್ಲ. ಬೆಳಿಗ್ಗೆ ಇಬ್ಬರೂ ಜಗಲಿಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದರು. ಒಬ್ಬರು ಏನೋ ಅನ್ನುವರು, ಇನ್ನೊಬ್ಬರು ಹೂಂಗುಟ್ಟುವರು. ಲೋಟ ಕೆಳಗಿಡುವ ಹೊತ್ತಿಗೆ ಅವತ್ತಿನ ತೀರ್ಮಾನ ಆಗಿರುತ್ತಿತ್ತು. ಯಾರ ತೀರ್ಮಾನ ಎಂದು ಕೇಳಿದ್ದರೆ ಇಬ್ಬರೂ ಮುಖ ಮುಖ ನೋಡಿಕೊಳ್ಳುತ್ತಿದ್ದರೇನೋ. ಯಾರೂ ಕೇಳಿರಲಿಲ್ಲ.

ಫ್ಯಾಕ್ಟರಿಯ ಆಫೀಸು ಅಂದರೆ ಎರಡು ಮೇಜು ಹಿಡಿಸುವ ಒಂದು ಕೋಣೆ. ಒಂದು ನನ್ನದು, ಅದಕ್ಕೆ ಎದುರಾಗಿ ಸರೋಜಕ್ಕನದು. ಬಿಲ್ಲು, ಬ್ಯಾಂಕು, ಸೇಲ್ಸ್ ಟ್ಯಾಕ್ಸು ನನ್ನ ಪಾಲಿಗೆ. ಕಾಯಿ ಸಿಪ್ಪೆ ಹೆರೆಯುವ ಹೆಂಗಸರ ಹಾಜರಿ, ಸಂಬಳ, ಯಾವ ತೋಟದಿಂದ ಕಾಯಿ ತರಿಸಬೇಕು ಅನ್ನುವುದು ಅವರ ಪಾಲಿಗೆ. ಇದು ಹೇಳಿಕೊಳ್ಳುವುದಕ್ಕೆ ಮಾತ್ರ. ನಿಜವಾಗಿ ನಾವು ಮಾಡುತ್ತಿದ್ದದ್ದು ಮಾತು. ನನ್ನ ತವರಿನ ಸುದ್ದಿ, ಅವರ ತವರು ಶೆಟ್ಟಿಕೆರೆಯ ಸುದ್ದಿ, ಬಸ್ಸಿನಲ್ಲಿ ಕಂಡ ಸೀರೆ, ಗಂಡಂದಿರ ಗೊರಕೆ. ನಗು ಬಂದರೆ ಸರೋಜಕ್ಕ ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಒತ್ತಿ, ಸದ್ದಿಲ್ಲದೆ, ಭುಜ ಕುಣಿಸಿಕೊಂಡು ನಗುತ್ತಿದ್ದರು. ಅವರನ್ನು ಹಾಗೆ ನಗಿಸುವುದೇ ನನ್ನ ದಿನದ ದೊಡ್ಡ ಸಾಧನೆ.

ವ್ಯಾಪಾರ ಬೆಳೆಯಿತು. ಬಿಸ್ಕತ್ತು ಕಂಪನಿಗಳಿಂದ ಆರ್ಡರು ಬರತೊಡಗಿದವು. ಸೇಲ್ಸ್ ಟ್ಯಾಕ್ಸ್ ಹೋಗಿ ವ್ಯಾಟ್ ಅನ್ನುವ ಹೊಸ ತೆರಿಗೆ ಬರುತ್ತದಂತೆ ಎಂದು ವರ್ತಕರೆಲ್ಲ ಹೆದರಿಕೊಂಡಿದ್ದ ಕಾಲ ಅದು. ಲೆಕ್ಕದ ಪುಸ್ತಕ ಮಂಡಿಯಲ್ಲಿ ಇದೆ ಅಂದ ಮಾಲು ಫ್ಯಾಕ್ಟರಿಗೆ ಬಂದಿರುತ್ತಿತ್ತು, ಫ್ಯಾಕ್ಟರಿಯಿಂದ ಹೋಯಿತು ಅಂದದ್ದು ಗೋಡೌನಿನಲ್ಲೇ ಕೂತಿರುತ್ತಿತ್ತು. ನಮ್ಮ ಆಡಿಟರು ಒಂದು ದಿನ ಕನ್ನಡಕ ತೆಗೆದಿಟ್ಟು, ಇನ್ನು ಕೈಬರಹದಲ್ಲಿ ಆಗುವುದಿಲ್ಲ, ಇಆರ್‌ಪಿ ಹಾಕಿಸಿ ಅಂದರು. ಕೊಳ್ಳುವುದು, ಮಾರುವುದು, ದಾಸ್ತಾನು, ಸಂಬಳ ಎಲ್ಲವೂ ಒಂದೇ ಕಂಪ್ಯೂಟರ್ ವ್ಯವಸ್ಥೆಯೊಳಗೆ ಬರುತ್ತದೆ ಎಂದು ವಿವರಿಸಿದರು. ಗಂಡಸರಿಬ್ಬರೂ, ಯಾವುದು ಒಳ್ಳೆಯದು ನೀವಿಬ್ಬರೇ ನೋಡಿ ಆರಿಸಿ ಎಂದು ನಮಗೆ ವಹಿಸಿದರು.

ನನಗೆ ಹೆಮ್ಮೆಯಾಯಿತು. ಮದುವೆಗೆ ಮುಂಚೆ ಹಾಸನದಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮಾಡಿದ್ದೆ. ಚಪ್ಪಲಿ ಹೊರಗೆ ಬಿಟ್ಟು ತಣ್ಣನೆಯ ಕೋಣೆಯೊಳಗೆ ಹೋಗಿ, ದೇವರ ಮುಂದೆ ಕೂತ ಹಾಗೆ ಕೂರುತ್ತಿದ್ದ ಕಾಲ. ಅಲ್ಲಿ ಕಲಿತದ್ದು ಚಪ್ಪಲಿ ಬಿಡುವುದು ಮಾತ್ರ ಎಂದು ಆಮೇಲೆ ಗೊತ್ತಾಯಿತು. ಫ್ಯಾಕ್ಟರಿಯ ಹೆಂಗಸರಿಗೆ ಇಆರ್‌ಪಿ ಲಾರಿಯಲ್ಲಿ ಬರುವ ಮಿಷನ್ನು. ಬಾಯ್ಲರಿನ ಪಕ್ಕ ಚಿಪ್ಪಿನ ರಾಶಿ ಸರಿಸಿ ಅದಕ್ಕೆ ಜಾಗವನ್ನೂ ಮಾಡಿಟ್ಟಿದ್ದರು. ನಾನು ತಿದ್ದಲು ಹೋದರೆ ಸರೋಜಕ್ಕ ತಡೆದರು. ಅಷ್ಟು ದಿನದಿಂದ ಆ ರಾಶಿ ಎತ್ತಿಸಲು ಅವರು ಹೆಣಗುತ್ತಿದ್ದರಂತೆ.

ಮೊದಲು ಬಂದದ್ದು ಬೆಂಗಳೂರಿನ ದೊಡ್ಡ ಕಂಪನಿಯವರು. ಟೈ ಕಟ್ಟಿದ ಯುವಕನೊಬ್ಬ ಪ್ರೊಜೆಕ್ಟರ್ ತಂದಿದ್ದ. ಪರದೆಗೆಂದು ಸರೋಜಕ್ಕ ಭಾವನವರ ಮಡಿ ಪಂಚೆಯನ್ನೇ ಗೋಡೆಗೆ ಕಟ್ಟಿಸಿದರು. ಉದಾಹರಣೆಗೆಂದು ಪಂಚೆಯ ಮೇಲೆ ಒಂದು ಸೈಕಲ್ ಮೂಡಿತು. ಎರಡು ಚಕ್ರ, ಒಂದು ಸೀಟು, ಒಂದು ಹ್ಯಾಂಡಲು ಸೇರಿದರೆ ಒಂದು ಸೈಕಲ್ಲು ಎಂದು ಅವನು ಇಂಗ್ಲಿಷಿನಲ್ಲಿ ಹೇಳಿದ. ನಾನು ಕನ್ನಡ ಮಾಡಿದೆ. ಸರೋಜಕ್ಕ ಬಹಳ ಹೊತ್ತು ನೋಡಿ ನಿಧಾನವಾಗಿ ಹೇಳಿದರು:

“ನಮ್ದು ಕಟ್ಟೋ ಕೆಲ್ಸ ಅಲ್ಲ ಕಣಪ್ಪ. ಬಿಚ್ಚೋ ಕೆಲ್ಸ.”

ಅದೂ ಸರಿಯೇ. ಒಂದು ಕಾಯಿ ಬಂದರೆ ನಾರು, ಚಿಪ್ಪು, ನೀರು, ಸಿಪ್ಪೆ, ತಿರುಳು ಎಂದು ಐದು ದಾರಿ ಹಿಡಿಯುತ್ತದೆ. ಅದನ್ನೂ ಮಾಡಬಹುದು ಎಂದು ಹುಡುಗ ತಲೆಯಾಡಿಸಿದ. ಆಮೇಲೆ, ಅಟ್ಟದ ಮೇಲೆ ವರ್ಷವಿಡೀ ಒಣಗಲು ಬಿಟ್ಟ ಕಾಯಿಯ ದಾಸ್ತಾನನ್ನು ತುಂಬಿಸಿ ತೋರಿಸಿದಾಗ ಸಾಲುಗಳೆಲ್ಲ ಕೆಂಪಾದವು. ಇಷ್ಟು ದಿನ ಕದಲದ ಮಾಲನ್ನು ಸತ್ತ ಮಾಲು ಎಂದು ತೋರಿಸುತ್ತದೆ ಎಂದ. ಬಾಗಿಲಲ್ಲಿ ನಿಂತಿದ್ದ ಭಾವನವರಿಗೆ ಅದು ಚುಚ್ಚಿತು. “ಸತ್ತಿಲ್ಲ, ಒಣಗ್ತೈತೆ,” ಅಂದು ಮಂಡಿಗೆ ಹೊರಟುಹೋದರು. ಕೊಬ್ಬರಿ ಮಾಡುವವರಿಗೆ ಕಾಯುವುದೇ ಕಸುಬು ಎಂದು ಆ ಹುಡುಗನಿಗೆ ಯಾರು ಹೇಳಬೇಕು?

ಎರಡನೆಯವರು ತುಮಕೂರಿನವರು. ಒಂದು ಮಹಡಿಯ ಮೇಲೆ ನಾಲ್ಕು ಜನ ಸೇರಿ ನಡೆಸುತ್ತಿದ್ದ ಸಣ್ಣ ಸಂಸ್ಥೆ. ಅದರ ಯಜಮಾನರು ತಾವೇ ಬಂದು, ಚಕ್ಕಂಬಕ್ಕಳ ಹಾಕಿ ಕೂತು, ಮುದ್ದೆ ಉಂಡು, ಕೈ ತೊಳೆದು, ಆಮೇಲೆ ಕಂಪ್ಯೂಟರ್ ತೆರೆದರು. ಅವರದು ಅಷ್ಟು ಚೆಂದವಿರಲಿಲ್ಲ, ಬಣ್ಣ ಕಡಿಮೆ. ಮಂಡಿಗೊಂದು, ಫ್ಯಾಕ್ಟರಿಗೊಂದು ಬೇರೆ ಬೇರೆ ಖಾತೆ. ಬೇಕಾದಾಗ ಎರಡನ್ನೂ ಕೂಡಿಸಿ ನೋಡಿಕೊಳ್ಳಬಹುದು. ದೊಡ್ಡ ಕಂಪನಿಯದರಲ್ಲಿ ಹಾಗಲ್ಲ, ಎಲ್ಲವೂ ಒಂದೇ ಕಡೆ, ಒಂದೇ ಕೋಣೆಯಿಂದ.

ಆ ದೊಡ್ಡ ಕಂಪನಿಯದು ಕೆಲಸ ಮಾಡುವುದನ್ನು ಕಣ್ಣಾರೆ ನೋಡಬೇಕೆಂದು ನಾವಿಬ್ಬರೂ ರೈಲು ಹತ್ತಿ, ಅದನ್ನು ಆಗಲೇ ಹಾಕಿಸಿಕೊಂಡಿದ್ದ ತುಮಕೂರಿನ ಹತ್ತಿರದ ಒಂದು ಕಾರ್ಖಾನೆಗೆ ಹೋದೆವು. ನೋಡಿದ್ದು ಅರ್ಧ ತಾಸು, ಸುತ್ತಿದ್ದು ಇಡೀ ದಿನ. ಗಂಡಸರಿಲ್ಲದೆ ಹೋಟೆಲಿನಲ್ಲಿ ಕೂತು ಸರೋಜಕ್ಕ ದೋಸೆ ತಿಂದದ್ದು ಅದೇ ಮೊದಲು. ಮಾಣಿ ಬಂದು ಏನು ಕೊಡಲಿ ಎಂದಾಗ ಅವರು ಅಭ್ಯಾಸಬಲದಿಂದ ಪಕ್ಕಕ್ಕೆ ತಿರುಗಿ ನೋಡಿದರು. ಅಲ್ಲಿ ನಾನಿದ್ದೆ. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ವಾಪಸು ಬರುವಾಗ ರೈಲಿನಲ್ಲಿ ನಾನು ಒಂದೇ ಸಮನೆ ಮಾತಾಡಿದೆ. ದೊಡ್ಡದನ್ನೇ ಹಾಕಿಸೋಣ, ಮಂಡಿಯ ಲೆಕ್ಕವೂ ಫ್ಯಾಕ್ಟರಿಗೇ ಬರುತ್ತದೆ, ಹೊಸ ಕೋಣೆ ಕಟ್ಟಿಸೋಣ, ನಾವಿಬ್ಬರೇ ಕೂತು ಎಲ್ಲವನ್ನೂ ನಡೆಸೋಣ ಎಂದೆ. ಸರೋಜಕ್ಕ ಹೊರಗೆ ತೋಟಗಳನ್ನು ನೋಡುತ್ತಾ ಹೂಂ ಹೂಂ ಅನ್ನುತ್ತಿದ್ದರು. ಬಿಸಿಲಿಗೆ ದಣಿದಿದ್ದಾರೆ ಅಂದುಕೊಂಡೆ.

ದೊಡ್ಡ ಕಂಪನಿಯವರು ತುಂಬಿಸಿಕೊಡಿ ಎಂದು ಕೆಲವು ಪ್ರಶ್ನೆಗಳನ್ನು ಕಳಿಸಿದ್ದರು. ಭಾನುವಾರ ಊಟದ ಹೊತ್ತಿಗೆ ಅವನ್ನು ನಾನು ಗಂಡಸರ ಮುಂದೆ ಓದಿದೆ. ನಿಮ್ಮದು ಒಂದು ಕಂಪನಿಯೋ ಎರಡೋ? ಖರೀದಿಗೆ, ಮಾರಾಟಕ್ಕೆ ಕೊನೆಯ ಒಪ್ಪಿಗೆ ಕೊಡುವವರು ಯಾರು? ಒಂದೇ ಹೆಸರು ಬರೆಯಿರಿ.

ಅನ್ನ ಕಲಸುತ್ತಿದ್ದ ಎರಡು ಕೈಗಳು ನಿಂತವು. ನನ್ನ ಯಜಮಾನರು, ಅಣ್ಣನ ಹೆಸರೇ ಬರೆ, ಅದರಲ್ಲಿ ಕೇಳುವುದೇನಿದೆ ಅಂದರು. ಭಾವನವರು, ಫ್ಯಾಕ್ಟರಿಯ ವಿಷಯ ನನಗೇನು ತಿಳಿಯುತ್ತದೆ, ಅವನದೇ ಬರೆಯಮ್ಮ ಅಂದರು. ನೋಡುವವರಿಗೆ ಎಷ್ಟು ಸೊಗಸು. ಒಬ್ಬರಿಗೊಬ್ಬರು ಬಿಟ್ಟುಕೊಡುತ್ತಿದ್ದಾರೆ. ಆದರೆ ಅವತ್ತು ಇಬ್ಬರೂ ಮಜ್ಜಿಗೆ ಬೇಡವೆಂದು ಬೇಗ ಎದ್ದರು.

ಮರುದಿನ ನನ್ನ ಯಜಮಾನರು ಸ್ಕೂಟರ್ ಒರೆಸುತ್ತಾ, ನನ್ನ ಕಡೆ ನೋಡದೆ ಹೇಳಿದರು: ಬೆಳೆದಿರುವುದು ಫ್ಯಾಕ್ಟರಿಯಿಂದ, ಪ್ರತಿ ಬಿಲ್ಲಿಗೂ ಅಣ್ಣನ ಅಪ್ಪಣೆಗೆ ಕಾಯಬೇಕಾದರೆ ನಾನು ಅಲ್ಲಿ ಗುಮಾಸ್ತ ಆದ ಹಾಗೆ. ಅವರ ಬಾಯಲ್ಲಿ ಅಂಥ ಮಾತು ನಾನು ಕೇಳಿಯೇ ಇರಲಿಲ್ಲ. ಜಗಲಿಯ ಕಾಫಿಗೆ ಇಬ್ಬರೂ ಕೂರುತ್ತಿದ್ದರು, ಆದರೆ ಹೂಂಗುಟ್ಟುವ ಮೊದಲು ಒಂದು ಗಳಿಗೆ ತಡೆಯುತ್ತಿದ್ದರು. ಹಿಂದೆಂದೂ ಇಲ್ಲದ, ಯಾರು ಮೇಲು ಅನ್ನುವ ಒಂದು ಎಣಿಕೆ ಆ ಜಗಲಿಗೆ ಬಂದು ಕೂತಿತ್ತು. ತಂದು ಕೂರಿಸಿದವಳು ನಾನೇ, ಊಟದ ಮಧ್ಯೆ ಕಾಗದ ಓದಿದ ಡಿಪ್ಲೊಮಾದವಳು.

ಒಂದು ವಾರ ಹೀಗೇ ನಡೆದಿರಬೇಕು. ಒಂದು ಮಧ್ಯಾಹ್ನ ಸರೋಜಕ್ಕ ನನ್ನನ್ನು ಡ್ರೈಯರಿನ ಹತ್ತಿರ ಕರೆದರು. ಆ ಸದ್ದಿನಲ್ಲಿ ಬೇರೆಯವರಿಗೆ ಕೇಳಿಸುವುದಿಲ್ಲ ಎಂದಿರಬಹುದು. ತುಮಕೂರಿನವರದ್ದನ್ನೇ ಹಾಕಿಸೋಣ ಅಂದರು. ಅದು ಚೆನ್ನಾಗಿಲ್ಲವಲ್ಲ, ನಾವಿಬ್ಬರೂ ಹೋಗಿ ನೋಡಿ ಬಂದೆವಲ್ಲ ಎಂದು ನಾನು ವಾದಿಸಿದೆ. ಅವರು ಬಿಸಿ ಪುಡಿಯನ್ನು ಒಂದು ಚಿಟಿಕೆ ತೆಗೆದು ಬೆರಳಲ್ಲಿ ಉಜ್ಜುತ್ತಾ ನಿಂತರು.

“ಒಂದೇ ಹೆಸ್ರು ಕೇಳೋದು ಬ್ಯಾಡ ಕಣೇ,” ಅಂದರು. “ಕೇಳಿದ್ರೆ ಉತ್ರ ಬತ್ತದೆ. ಬಂದ್ಮೇಲೆ ಅದ್ನ ಎಲ್ಲಿ ಇಟ್ಕೊಳಾಣ?”

“ಎರಡು ಖಾತೆ ಮಾಡಿದ್ರೆ ನೀವು ಮಂಡಿಗೆ ಹೋಗ್ಬೇಕಾಗ್ತದೆ ಅಕ್ಕ. ಅಲ್ಲಿ ಕಂಪ್ಯೂಟರ್ ನೋಡೋರು ಬೇರೆ ಯಾರೂ ಇಲ್ಲ.”

“ಹೋಯ್ತೀನಿ ಬುಡು. ಏನು, ಪರದೇಸವಾ?”

ಅಷ್ಟು ಹಗುರವಾಗಿ ಅಂದರು. ನನಗೆ ಆ ಹಗುರವೇ ನೋವಾಯಿತು. ಹೇಗೂ ಹೇಳಿದವರು ಅಕ್ಕ, ಹೂಂ ಅಂದೆ.

ತುಮಕೂರಿನವರ ವ್ಯವಸ್ಥೆ ಬಂತು. ಮಂಡಿಗೊಂದು, ಫ್ಯಾಕ್ಟರಿಗೊಂದು ಹೆಸರು. ಯಾರ ಮುಂದೆಯೂ ಯಾರೂ ಒಪ್ಪಿಗೆಗೆ ನಿಲ್ಲಬೇಕಾಗಲಿಲ್ಲ. ಜಗಲಿಯ ಮೇಲಿನ ಗಂಟು ತಾನಾಗಿ ಸಡಿಲಾಯಿತು. ಅಣ್ಣತಮ್ಮಂದಿರು ಮೊದಲಿನಂತೆಯೇ ಆದರು. ಇವತ್ತಿಗೂ ದಿನಕ್ಕೊಂದು ಸಲ ಫೋನಿನಲ್ಲಿ ಮಾತಾಡದೆ ಇಬ್ಬರಿಗೂ ಊಟ ಸೇರುವುದಿಲ್ಲ. ಎಷ್ಟೋ ವರ್ತಕರ ಮನೆಗಳು ಕೋರ್ಟು ಹತ್ತಿದ್ದನ್ನು ನೋಡಿದ್ದೇನೆ. ನಮ್ಮದು ಹತ್ತಲಿಲ್ಲ. ನೀವು ಅವತ್ತು ಆರಿಸಿದ್ದು ಬಹಳ ಒಳ್ಳೆಯದಾಯಿತು ಎಂದು ಗಂಡಸರಿಬ್ಬರೂ ಬಂದವರ ಮುಂದೆ ಹೊಗಳುತ್ತಾರೆ. ಅವರ ಪ್ರಕಾರ ಅದು ಸಾಫ್ಟ್‌ವೇರಿನ ಗುಣ.

ಸರೋಜಕ್ಕನ ಮೇಜು ಎತ್ತಿಸಿದ ದಿನ ಕೋಣೆ ಇದ್ದಕ್ಕಿದ್ದಂತೆ ದೊಡ್ಡದಾಯಿತು. ಮನೆ ಒಂದೇ ಆದರೂ ಅಲ್ಲಿ ಅಡುಗೆ, ಬಂದುಹೋಗುವವರು, ಗಂಡಸರ ಊಟ; ಕೂತು ಮಾತಾಡುವ ಬಿಡುವು ಇರಲಿಲ್ಲ. ಮೊದಮೊದಲು ಮಂಡಿಗೆ ಫೋನು ಮಾಡುತ್ತಿದ್ದೆ. ಅಲ್ಲಿ ಸುತ್ತ ಜನ; ಅವರು ‘ಹೇಳು’ ಅನ್ನುವರು, ನನಗೆ ಹೇಳುವಂಥದ್ದು ಏನೂ ಇರುತ್ತಿರಲಿಲ್ಲ. ಎದುರಿಗೆ ಕೂತವರಿಗೆ ಆಡುವ ಮಾತು ಫೋನಿನಲ್ಲಿ ಬರುವುದಿಲ್ಲ, ನೀವೂ ನೋಡಿರಬಹುದು. ಕೆಲವು ವರ್ಷದ ಮೇಲೆ ಭಾವನವರು ದಂಡಿನಶಿವರದ ತೋಟದ ಬಳಿ ನಾರಿನ ಘಟಕ ಹಾಕಿ ಅಲ್ಲೇ ಮನೆ ಕಟ್ಟಿಕೊಂಡರು. ಜಗಳದಿಂದ ಹೋದದ್ದಲ್ಲ, ಕೆಲಸಕ್ಕೆ ಹೋದದ್ದು. ಆಮೇಲೆ ನಾವು ಸೇರಿದ್ದೆಲ್ಲ ಮದುವೆ, ತಿಥಿ, ಹಬ್ಬಗಳಲ್ಲಿ. ಅಲ್ಲಿ ನಾವು ವಾರಗಿತ್ತಿಯರು. ಬಡಿಸುವುದು, ತಾಂಬೂಲ ಹಂಚುವುದು, ಬೀಳ್ಕೊಡುವುದು. ನನ್ನ ಮಾತಿಗೆ ಅವರು ನಕ್ಕಿದ್ದನ್ನು ನೋಡಿ ಯಾವ ಕಾಲವಾಯಿತೋ.

ಮೊನ್ನೆ ಬರ್ಫಿ ಮಾಡಲಿಲ್ಲ. ಮರುದಿನ ಬೆಳಿಗ್ಗೆ ತಿಂಡಿ ಮುಗಿಸಿ, ದಂಡಿನಶಿವರಕ್ಕೆ ಹೋಗಿ ಬರುತ್ತೇನೆ ಎಂದೆ. ಏನು ಸಮಾಚಾರ ಎಂದು ಯಜಮಾನರು ಕೇಳಿದರು. ಏನೂ ಇಲ್ಲ ಎಂದೆ. ಕಾರು ಕಳಿಸುತ್ತೇನೆ ಅಂದರು. ಬೇಡವೆಂದು ಬಸ್ಸು ಹತ್ತಿದೆ.

ಸರೋಜಕ್ಕ ಹಿತ್ತಲಲ್ಲಿ ಸೊಪ್ಪು ಬಿಡಿಸುತ್ತಿದ್ದರು. ತಲೆ ಪೂರಾ ಬೆಳ್ಳಗಾಗಿದೆ. ನನ್ನನ್ನು ಕಂಡು ಗಾಬರಿಯಿಂದ ಎದ್ದು, ಮನೆಯಲ್ಲಿ ಎಲ್ಲ ಕ್ಷೇಮವೇ ಎಂದು ಎರಡು ಸಲ ಕೇಳಿದರು. ಸುಮ್ಮನೆ ಬಂದೆ ಅಂದರೆ ನಂಬಲಿಲ್ಲ. ನಂಬಿದ ಮೇಲೆ ಇನ್ನೊಂದು ಮಣೆ ತಂದು ಹಾಕಿದರು. ಸೊಪ್ಪನ್ನು ಇಬ್ಬರೂ ಬಿಡಿಸಿದೆವು. ಮಾತು ಎಲ್ಲೆಲ್ಲೋ ಹೋಗಿ ಆ ಹಳೆಯ ಇಆರ್‌ಪಿಗೆ ಬಂತು. ಅಷ್ಟು ವರ್ಷ ಒಳಗೇ ಇಟ್ಟುಕೊಂಡಿದ್ದನ್ನು ಆಗ ಕೇಳಿದೆ: ಮಂಡಿಗೆ ಹೋಗುತ್ತೇನೆ ಎಂದು ಅಷ್ಟು ಸುಲಭವಾಗಿ ಹೇಗೆ ಹೇಳಿದಿರಿ?

ಅವರು ಕೈಯಲ್ಲಿದ್ದ ದಂಟನ್ನು ಮುರಿದರು. ಮತ್ತೆ ಮುರಿದರು.

“ಸುಲಭ ಅಂತ ಯಾರಂದ್ರು ನಿಂಗೆ? ಮಂಡೀಲಿ ಮೊದ್ಲ ತಿಂಗ್ಳೆಲ್ಲ ದಿನಾ ಅತ್ತಿದ್ದೀನಿ ಕಣೇ. ಕೊಬ್ರಿ ಧೂಳು ಅಂತ ಕಣ್ಣೊರೆಸ್ಕತಿದ್ದೆ.”

ಅಷ್ಟು ವರ್ಷ ಆ ನೋವು ನನ್ನೊಬ್ಬಳದೇ ಅಂದುಕೊಂಡು ಎಷ್ಟು ಜೋಪಾನವಾಗಿ ಇಟ್ಟುಕೊಂಡಿದ್ದೆ. ಅವರೂ ಅಷ್ಟೇ ಜೋಪಾನವಾಗಿ ಇಟ್ಟುಕೊಂಡಿದ್ದರು, ಬಸ್ಸಿನಲ್ಲಿ ಒಂದು ಗಂಟೆಯ ದೂರದಲ್ಲಿ.

ಒಳಗಿನಿಂದ ಅನ್ನ ಬೆಂದ ವಾಸನೆ ಬಂತು. ಊರ ಬಾಗಿಲಲ್ಲಿ ತಿಪಟೂರಿನ ಬಸ್ಸು ಹಾರ್ನು ಮಾಡಿ ಹೋಯಿತು. ಬಹಳ ಹೊತ್ತಿನ ಮೇಲೆ ಇನ್ನೊಂದು ಹೋಯಿತು. ನಾನು ಏಳಲಿಲ್ಲ; ಅವರೂ ಹೊತ್ತಾಯಿತು ಅನ್ನಲಿಲ್ಲ.